ರೇವಣಸಿದ್ದಯ್ಯ ಆಡಿದ ಒಳ್ಳೆಯ ಮಾತು

ಮಾಗಡಿ ರಸ್ತೆಯ ಗಿರಣಿಗಳ ಕಡೆ ಒಂದು ಕಾಲಕ್ಕೆ ಹೀಗಿತ್ತು ನೋಡಿ: ನಿಮ್ಮ ಕೈ ಎಷ್ಟೇ ಚುರುಕಾಗಿರಲಿ, ಮೇಸ್ತ್ರಿಯ ಬಾಯಿಂದ ಒಂದು ಒಳ್ಳೆಯ ಮಾತು ಬೀಳದಿದ್ದರೆ ಮಗ್ಗದ ಮುಂದೆ ನಿಲ್ಲುವ ಯೋಗ ಬರುತ್ತಿರಲಿಲ್ಲ. ನಾಯಂಡಹಳ್ಳಿಯಲ್ಲಿ ವಾಸವಿದ್ದ ತಿಮ್ಮಯ್ಯನಿಗೆ ಆ ಒಳ್ಳೆಯ ಮಾತು ಬಿತ್ತು. ಒಂದಲ್ಲ, ನಾಲ್ಕಾರು ಬಿದ್ದವು. ಬಿದ್ದ ಮೇಲೆ ಅವನ ಬದುಕು ಏನಾಯಿತು ಅನ್ನುವುದನ್ನು ಹೇಳುತ್ತೇನೆ.

ತಿಮ್ಮಯ್ಯ ಹುಟ್ಟಿದ್ದು ಮಾಗಡಿ ಸೀಮೆಯ ಒಂದು ಹಳ್ಳಿಯಲ್ಲಿ. ಹಳ್ಳಿಯಲ್ಲಿ ಅಂದರೆ ಹಳ್ಳಿಯ ಒಳಗಲ್ಲ, ಊರಾಚೆಯ ಕೇರಿಯಲ್ಲಿ. ಆಗ ತಾನೇ ಸರ್ಕಾರದವರು ಹರಿಜನ ಕೇರಿ ಅನ್ನಲು ಶುರುಮಾಡಿದ್ದರು; ಊರಿನವರು ಹಳೆಯ ಹೆಸರನ್ನೇ ಹಿಡಿದಿದ್ದರು. ದೊಡ್ಡ ಯುದ್ಧದ ಕಾಲಕ್ಕೆ ಗಿರಣಿಗಳು ಹಗಲೂ ರಾತ್ರಿ ಖಾಕಿ ಬಟ್ಟೆ ನೇಯುತ್ತಿದ್ದವು, ಆಳು ಸಾಲುತ್ತಿರಲಿಲ್ಲ. ಬಿನ್ನಿಪೇಟೆಯ ದೊಡ್ಡ ಗಿರಣಿಯಲ್ಲಿ ಜಾಗ ಸಿಗದವರು ಮಾಗಡಿ ರಸ್ತೆ ಪಕ್ಕದ ಒಂದು ಚಿಕ್ಕ ಗಿರಣಿಯ ಗೇಟಿಗೆ ಬಂದು ನಿಲ್ಲುತ್ತಿದ್ದರು. ಅಲ್ಲಿ ಒಂದು ಬೆಳಿಗ್ಗೆ ತಿಮ್ಮಯ್ಯನೂ ನಿಂತ. ನೇಯ್ಗೆ ಖಾತೆಯ ಮೇಸ್ತ್ರಿ ರೇವಣಸಿದ್ದಯ್ಯ ಹೊರಗೆ ಬಂದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಮೇಲೆ ಎಣ್ಣೆ ಕಲೆಯ ಅಂಗಿ. ಇವನ ಹೆಸರು ಕೇಳಿದರು, ಸೀಮೆ ಕೇಳಿದರು, ಬೆರಳು ನೋಡಿದರು. ಮಿಕ್ಕಿದ್ದನ್ನು ಕೇಳಲಿಲ್ಲ. ಕೇಳದ್ದನ್ನು ತಿಮ್ಮಯ್ಯ ಹೇಳಲಿಲ್ಲ. ಹೆಸರು ಕೇಳಿದವರೆಲ್ಲ ಯಾರೋ ಒಕ್ಕಲಿಗರ ಹುಡುಗ ಅಂದುಕೊಂಡರು. ಅವನು ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ.

ಇದರಲ್ಲಿ ಏನು ದೊಡ್ಡ ವಿಷಯ ಅಂತ ಕೇಳಬಹುದು. ವಿಷಯ ಇದ್ದದ್ದು ಲಾಳಿಯಲ್ಲಿ. ಮಗ್ಗದಲ್ಲಿ ಅತ್ತಿಂದಿತ್ತ ಓಡಾಡುವ ಲಾಳಿಯೊಳಗೆ ನೂಲು ಸುತ್ತಿದ ಕಂಡಿಕೆ ಇರುತ್ತದೆ. ಕಂಡಿಕೆ ಖಾಲಿಯಾದಾಗ ಬೇರೆ ಹಾಕಿ, ಅದರ ನೂಲಿನ ತುದಿಯನ್ನು ಲಾಳಿಯ ಪಕ್ಕದ ಸಣ್ಣ ತೂತಿನಿಂದ ಹೊರಗೆ ತರಬೇಕು. ಆ ತೂತಿಗೆ ಕೈಬೆರಳು ಹೋಗುವುದಿಲ್ಲ. ನೇಕಾರ ತೂತಿಗೆ ಬಾಯಿಟ್ಟು ಒಂದು ಉಸಿರು ಎಳೆಯುತ್ತಾನೆ, ನೂಲು ಪುಸಕ್ಕನೆ ನಾಲಿಗೆಗೆ ಬರುತ್ತದೆ. ಬೆಳಗಿನ ಪಾಳಿಯವನು ಬಾಯಿಟ್ಟ ಲಾಳಿಗೇ ಸಂಜೆ ಪಾಳಿಯವನು ಬಾಯಿಡಬೇಕು. ಮಗ್ಗ ಕೆಟ್ಟರೆ ಮೇಸ್ತ್ರಿ ಬಂದು ಸರಿಮಾಡಿ, ತಾನೂ ಅದೇ ಲಾಳಿಗೆ ಬಾಯಿಟ್ಟು ನಾಲ್ಕು ಎಳೆ ನೇಯ್ದು ನೋಡಬೇಕು. ಲಿಂಗಪೂಜೆ ಮುಗಿಯದೆ ಒಂದು ಹನಿ ನೀರು ಕುಡಿಯದ ರೇವಣಸಿದ್ದಯ್ಯನವರೂ ಅಲ್ಲಿ ಎಲ್ಲರ ಎಂಜಲಿಗೂ ಬಾಯಿಡುತ್ತಿದ್ದರು. ಗಿರಣಿಗೆ ಬಂದ ಮೇಲೆ ಅಷ್ಟು ಬಿಡಲೇಬೇಕು, ಸಂಜೆ ಮನೆಗೆ ಹೋಗಿ ತಲೆಗೆ ನೀರು ಹೊಯ್ದುಕೊಂಡರೆ ಸರಿಹೋಗುತ್ತೆ ಅನ್ನುತ್ತಿದ್ದರು. ಆ ನೀರಿಗೂ ಒಂದು ಗಡಿ ಇತ್ತು. ತೊಳೆದರೆ ಹೋಗುವ ಎಂಜಲು ಬೇರೆ, ಹೋಗದ ಎಂಜಲು ಬೇರೆ. ಅದಕ್ಕೇ ಊರಾಚೆಯ ಕೇರಿಯವರಿಗೆ ಗಿರಣಿಯಲ್ಲಿ ಹತ್ತಿ ಮೂಟೆ ಇತ್ತು, ಕಸಬರಿಕೆ ಇತ್ತು, ಮಗ್ಗ ಇರಲಿಲ್ಲ. ಯಾವ ಕಾಯಿದೆಯಲ್ಲೂ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ.

ತಿಮ್ಮಯ್ಯ ಮಗ್ಗ ಕಲಿತ. ಸೊಗಸಾಗಿ ಕಲಿತ. ಹನ್ನೆರಡು ಹದಿಮೂರು ವರ್ಷ ಅವನ ಮಗ್ಗದ ಬಟ್ಟೆ ತೆಗೆದಿಟ್ಟು ಹೊಸಬರಿಗೆ ತೋರಿಸಿದರು. "ನೋಡ್ರೋ, ಅಂಚು ಅಂದ್ರೆ ಇದು. ಚಾಕು ಇಟ್ಟು ಕುಯ್ದಂಗೆ ಬಂದಿದೆ," ಅಂತ ರೇವಣಸಿದ್ದಯ್ಯ ಹೇಳುತ್ತಿದ್ದರು. ಅವನು ಅವರ ಮುದ್ದಿನ ಆಳಾದ. ಊಟದ ಹೊತ್ತಿಗೆ ಮಾತ್ರ ಬುತ್ತಿ ಎತ್ತಿಕೊಂಡು ದೂರದ ಹೊಂಗೆ ಮರದ ಕೆಳಗೆ ಹೋಗಿ ಒಬ್ಬನೇ ಕೂರುತ್ತಿದ್ದ.

"ಏನ್ ತಿಮ್ಮಯ್ಯ, ಮುದ್ದೆ ಒಳಗೆ ಕೋಳಿ ಹೂತಿಟ್ಕೊಂಡು ಬಂದಿದೀಯಾ? ನಮಗೂ ಒಂದು ಕಾಲು ಕೊಡಯ್ಯ," ಅಂತ ಜೊತೆಯವರು ಕೂಗುತ್ತಿದ್ದರು.

"ಕೋಳಿ ಎಲ್ಲಿ ಬಂತು ಅಣ್ಣ, ನಮ್ಮೋಳು ಮಾಡೋ ಸಾರು ನೋಡಿದ್ರೆ ನೀವು ನಗ್ತೀರಾ," ಅನ್ನುತ್ತಿದ್ದ ಅವನು. ಎಲ್ಲರೂ ನಕ್ಕು ಸುಮ್ಮನಾಗುತ್ತಿದ್ದರು.

ಐವತ್ತೈದರಲ್ಲಿ ಆ ಗಿರಣಿ ಮುಚ್ಚಿತು. ರೇವಣಸಿದ್ದಯ್ಯ ಕೆಂಗೇರಿ ಪೇಟೆಯ ತಮ್ಮ ಮನೆಗೆ ಹೋಗಿ ಕೂತರು. ತಿಮ್ಮಯ್ಯ ಮೈಸೂರು ರಸ್ತೆಯ ಗೋದಾಮುಗಳಲ್ಲಿ ಕೂಲಿಗೆ ಬಿದ್ದ. ಹುಣಸೆಹಣ್ಣಿನ ಚೀಲ, ಬೆಲ್ಲದ ಚೀಲ. ಅವನ ಹೆಂಡತಿ ಮುನಿತಾಯಮ್ಮ ಸೊಪ್ಪು ಮಾರಿ ಮನೆ ನಡೆಸಿದಳು. ಹೊಟ್ಟೆಗೆ ಕಡಿಮೆಯಾಯಿತು ಅನ್ನುವ ಸಂಕಟ ಒಂದು ಕಡೆ ಇರಲಿ. ಕೂತಲ್ಲಿ ನಿಂತಲ್ಲಿ ಅವನ ಬೆರಳು ಇಲ್ಲದ ನೂಲನ್ನು ಗಂಟು ಹಾಕುತ್ತಿದ್ದವು. "ನಿನ್ನ ಕೈಗೆ ದೆವ್ವ ಹಿಡಿದಿದೆ," ಅನ್ನುತ್ತಿದ್ದಳು ಮುನಿತಾಯಮ್ಮ.

ಅಷ್ಟರಲ್ಲಿ ರಾಜಾಜಿನಗರದಲ್ಲಿ ಹೊಸ ಕಾರ್ಖಾನೆಗಳು ಏಳತೊಡಗಿದವು. ದಾವಣಗೆರೆ ಕಡೆಯಿಂದ ಬಂದ ಗುರುಬಸಪ್ಪ ಅನ್ನುವ ಸಾಹುಕಾರರು ಅಲ್ಲೊಂದು ಮಗ್ಗದ ಶೆಡ್ಡು ಹಾಕಿದರು. ಮಗ್ಗಗಳು ಇನ್ನೂ ಮರದ ಪೆಟ್ಟಿಗೆಯಲ್ಲೇ ಇದ್ದವು; ಜನ ಆಗಲೇ ಗೇಟಿನಲ್ಲಿ ಸಾಲುಗಟ್ಟಿದ್ದರು. ಎಲ್ಲರೂ ನೇಕಾರರೇ. ಯಾರನ್ನು ಕೇಳಿದರೂ ಹುಟ್ಟುತ್ತಲೇ ಲಾಳಿ ಹಿಡಿದು ಹುಟ್ಟಿದ್ದೀನಿ ಅನ್ನುವವರೇ. ಪರೀಕ್ಷೆ ಮಾಡೋಣವೆಂದರೆ ನೇಯ್ದು ತೋರಿಸಲು ಒಂದು ಮಗ್ಗವೂ ನಿಂತಿಲ್ಲ. ಸಾಹುಕಾರರು ಕಡ್ಡಿ ತುಂಡು ಮಾಡಿದಂತೆ ಹೇಳಿದರು:

"ನಿಮ್ಮ ನಿಮ್ಮ ಹಳೇ ಮೇಸ್ತ್ರೀನ ಕರಕೊಂಡು ಬರ್ರಿ. ಕಾಗದ ಗೀಗದ ಬ್ಯಾಡ. ಕಾಗದ ಯಾರು ಬೇಕಾದ್ರೂ ಬರೀತಾರ. ಮೇಸ್ತ್ರಿ ನನ್ನ ಮುಂದ ನಿಂತು, ಇವ ನನ್ನ ಆಳು, ಇವಗ ಮಗ್ಗ ಬರತದ ಅನ್ಲಿ. ಅವಗ ಮಗ್ಗ."

ತಿಮ್ಮಯ್ಯ ಅಲ್ಲಿಂದ ಮನೆಗೂ ಹೋಗದೆ ನೇರ ಕೆಂಗೇರಿ ದಾರಿ ಹಿಡಿದ.

ಅವರೆಕಾಯಿ ಕಾಲ. ರೇವಣಸಿದ್ದಯ್ಯ ಜಗಲಿಯ ಮೇಲೆ ಕೂತು, ಮೊರ ಮುಂದಿಟ್ಟುಕೊಂಡು ಕಾಯಿ ಸುಲಿಯುತ್ತಿದ್ದರು. ತಿಮ್ಮಯ್ಯನನ್ನು ಕಂಡು ಮುಖ ಅರಳಿತು.

"ಎಲ್ಲಿ ಹಾಳಾಗಿ ಹೋಗಿದ್ಯೋ ತಿಮ್ಮಯ್ಯ! ಬಾ, ಮೇಲೆ ಬಾ. ಬರಿಗೈಲಿ ಕೂರ್ಬೇಡ, ಸುಲಿ."

ತಿಮ್ಮಯ್ಯ ಜಗಲಿಯ ಅಂಚಿನಲ್ಲಿ ಕೂತು ಸುಲಿದ. ಮೊದಮೊದಲು ಹೆದರಿ ಹೆದರಿ, ಆಮೇಲೆ ಗಿರಣಿಯ ಹಳೆಯ ಮಾತಿನ ಗುಂಗಿನಲ್ಲಿ ಸರಸರ ಸುಲಿದ. ಇಬ್ಬರ ಕೈಯಿಂದ ಕಾಳು ಒಂದೇ ಮೊರಕ್ಕೆ ಬಿದ್ದವು. ಬಂದ ಕೆಲಸ ಹೇಳಿದ.

"ಅಷ್ಟೇನಾ?" ಅಂದರು ರೇವಣಸಿದ್ದಯ್ಯ. "ಗುರುಬಸಪ್ಪ ನಮ್ಮ ಕಡೆಯವನೇ ಕಣೋ. ಅವರಪ್ಪನಿಗೆ ದೀಕ್ಷೆ ಕೊಟ್ಟದ್ದು ನಮ್ಮ ದೊಡ್ಡಪ್ಪ. ನಾಳೆ ಬೆಳಿಗ್ಗೆ ಪೂಜೆ ಮುಗಿಸಿ ಬರ್ತೀನಿ. ನಿನ್ನಂಥೋನಿಗೆ ಮಾತು ಹೇಳದೆ ಇನ್ಯಾರಿಗೆ ಹೇಳ್ಲಿ? ನಿನ್ನ ಕೈ ನೋಡಿ ನನಗೇ ಹೊಟ್ಟೆಕಿಚ್ಚು ಆಗ್ತಿತ್ತು, ಗೊತ್ತಾ?"

ಅದೇ ಹೊತ್ತಿಗೆ ಮೇಸ್ತ್ರಿಯ ಹೆಂಡತಿ ಬಸವ್ವ ಒಳಗಿನಿಂದ ಹಿತ್ತಾಳೆ ಲೋಟದಲ್ಲಿ ಕಾಫಿ ತಂದು ಅವನ ಮುಂದಿಟ್ಟರು.

"ತಗೋರಿ ತಮ್ಮಾ. ನಿಮ್ಮ ಸುದ್ದಿ ದಿನಾ ಹೇಳತಾರ ಇವರು."

ಒಂದು ಹೆಂಗಸು, ಇಷ್ಟು ದೊಡ್ಡ ಮನೆಯಾಕೆ, ಅವನನ್ನು ತಮ್ಮ ಅಂದರು. ಗಿರಣಿಯಲ್ಲಿ ಅಷ್ಟು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತನ್ನನ್ನು ತಾನೇ ಕಾದುಕೊಂಡಿದ್ದ ತಿಮ್ಮಯ್ಯ ಆ ಸಂತೋಷದಲ್ಲಿ ಮೈಮರೆತ. ಕಾಫಿಯನ್ನು ಮೇಲಿಂದ ಹೊಯ್ದುಕೊಂಡು ಕುಡಿದ. ಜಗಲಿಯಿಂದ ಇಳಿದು ಬೀದಿಯಂಚಿಗೆ ಹೋದ. ಒಂದು ಹಿಡಿ ಮಣ್ಣು ತೆಗೆದು ಲೋಟವನ್ನು ಒಳಗೂ ಹೊರಗೂ ಉಜ್ಜಿದ. ಬಚ್ಚಲ ಬಾಯಿಯ ನೀರಲ್ಲಿ ತೊಳೆದು, ಮನೆಯ ಸೂರಿನಿಂದ ಆಚೆಗೆ, ಬಿಸಿಲಲ್ಲಿ, ಬೋರಲು ಹಾಕಿದ. ಎರಡು ಹೆಜ್ಜೆ ಹಿಂದೆ ಸರಿದು ಕೈಕಟ್ಟಿ ನಿಂತ.

ಊರೊಳಗಿನ ಮನೆಯಲ್ಲಿ ಏನಾದರೂ ಕೊಟ್ಟರೆ ಹೀಗೇ ಮಾಡಬೇಕೆಂದು ಅವನ ತಾಯಿ ಎಳವೆಯಲ್ಲಿ ಬೆನ್ನಿಗೆ ಗುದ್ದಿ ಗುದ್ದಿ ಕಲಿಸಿದ್ದಳು. ಮರ್ಯಾದೆ ಅಂದರೆ ಇದು ಅಂತ.

"ಅಯ್ಯ, ನೀವ್ಯಾಕ ತೊಳದ್ರಿ? ಬಿಡ್ರಿ," ಅಂದರು ಬಸವ್ವ ಏನೂ ತಿಳಿಯದೆ.

ರೇವಣಸಿದ್ದಯ್ಯ ಬೋರಲು ಬಿದ್ದ ಲೋಟವನ್ನೇ ನೋಡುತ್ತಿದ್ದರು. ಕೈಯಲ್ಲಿದ್ದ ಅವರೆಕಾಯಿ ಅರ್ಧ ಸೀಳಿ ನಿಂತಿತ್ತು. ಆಮೇಲೆ ಕೇಳಿದರು:

"ತಿಮ್ಮಯ್ಯ, ನಿಮ್ಮೂರಲ್ಲಿ ಕುಡಿಯೋಕೆ ಯಾವ ಬಾವಿ ನೀರು ತರ್ತಿದ್ರಿ?"

ತಿಮ್ಮಯ್ಯನಿಗೆ ಆಗ ತಾನು ಮಾಡಿದ್ದೇನೆಂದು ತಿಳಿಯಿತು. ತಲೆ ಬಗ್ಗಿಸಿದ. ಅದೇ ಉತ್ತರವಾಯಿತು.

ರೇವಣಸಿದ್ದಯ್ಯ ಕೆರಳಲಿಲ್ಲ, ಬೈಯಲಿಲ್ಲ. ಅಂಗವಸ್ತ್ರದ ತುದಿಯಿಂದ ತುಟಿಯನ್ನು ಒಂದು ಸಲ ಒರೆಸಿಕೊಂಡರು. ಮತ್ತೊಂದು ಸಲ ಒರೆಸಿಕೊಂಡರು. ಆಮೇಲೆ ಹೆಂಡತಿಯ ಕಡೆ ತಿರುಗಿ, "ಆ ಮೊರದಲ್ಲಿರೋ ಕಾಳು ದನಕ್ಕೆ ಹಾಕು," ಅಂದರು.

"ಇಷ್ಟೂನಾ? ಹುಳಿಗೆ ಬೇಕಲ್ರೀ!"

"ಇಷ್ಟೂ."

ಬಸವ್ವ ಗಂಡನ ಮುಖ ನೋಡಿದರು, ತಿಮ್ಮಯ್ಯನ ಮುಖ ನೋಡಿದರು, ಮೊರ ಎತ್ತಿಕೊಂಡು ಹಿತ್ತಿಲಿಗೆ ಹೋದರು. ತಿಮ್ಮಯ್ಯ ಹೊರಡಲು ತಿರುಗಿದಾಗ ಹಿಂದಿನಿಂದ ಮೇಸ್ತ್ರಿಯ ದನಿ ಬಂತು:

"ಕೊಟ್ಟ ಮಾತು ಕೊಟ್ಟಿದ್ದೇ. ನಾಳೆ ಬರ್ತೀನಿ."

ಮನೆಗೆ ಬಂದು ಎಲ್ಲ ಹೇಳಿದಾಗ ಮುನಿತಾಯಮ್ಮ ಹಣೆ ಚಚ್ಚಿಕೊಂಡಳು.

"ಅಷ್ಟು ವರ್ಷ ತಡೆದೋನಿಗೆ ಒಂದು ಗಳಿಗೆ ತಡೆಯೋಕೆ ಆಗ್ಲಿಲ್ವಾ? ಲೋಟ ಅಲ್ಲೇ ಕುಕ್ಕಿ ಬಂದಿದ್ರೆ ಏನ್ ಗಂಟು ಹೋಗ್ತಿತ್ತು?"

"ಕೈ ನನ್ನ ಕೇಳಲಿಲ್ಲ ಕಣೇ ಮುನಿತಾಯಿ."

"ಬರ್ತೀನಿ ಅಂದ್ರಲ್ಲ. ಬರ್ತಾರೆ ಬಿಡು. ಬೇಡ ಅನ್ನೋನು ಅಷ್ಟು ದೂರ ಯಾಕೆ ಬಂದಾನು?" ಅಂತ ಅವಳೇ ಆಮೇಲೆ ಸಮಾಧಾನ ಹೇಳಿದಳು. ಸರ್ಕಾರ ಆಗಲೇ ಕಾಯಿದೆ ತಂದಿತ್ತು, ಜಾತಿ ಎತ್ತಿ ಯಾರನ್ನೂ ಕೆಲಸದಿಂದ ತಳ್ಳುವ ಹಾಗಿಲ್ಲ ಅಂತ ಸೊಪ್ಪಿನ ಸಂತೆಯಲ್ಲಿ ಯಾರೋ ಹೇಳಿದ್ದು ಅವಳ ಕಿವಿಗೆ ಬಿದ್ದಿತ್ತು.

ರೇವಣಸಿದ್ದಯ್ಯ ಬಂದರು. ಅದಕ್ಕೆ ಮೋಸವಿಲ್ಲ. ಒಗೆದ ಪಂಚೆ, ಮುಚ್ಚುಕೋಟು, ತಲೆಗೆ ರುಮಾಲು. ಗುರುಬಸಪ್ಪನವರು ಎದ್ದು ಬಂದು ಜಂಗಮರ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡರು.

"ಅಯ್ಯನೋರ ಪಾದ ಬಂತು, ಕಾರ್ಖಾನೆ ಪಾವನ ಆತು. ಕೂಡ್ರಿ, ಕೂಡ್ರಿ. ಮಗ್ಗ ಚಾಲೂ ಆಗೂ ದಿನ ಪೂಜಾ ಆದ ಮ್ಯಾಲ ಪ್ರಸಾದ ನಿಮ್ಮ ಕೈಯಿಂದಲೇ ಆಗಬೇಕು." ಆಮೇಲೆ ಬಾಗಿಲ ಬಳಿ ನಿಂತಿದ್ದ ತಿಮ್ಮಯ್ಯನ ಕಡೆ ಕೈ ತೋರಿಸಿದರು. "ಇವ ನಿಮ್ಮ ಆಳಂತ. ಖರೇ ಏನ್ರಿ?"

"ನನ್ನ ಆಳೇ," ಅಂದರು ರೇವಣಸಿದ್ದಯ್ಯ. "ಯುದ್ಧದ ಕಾಲದಿಂದ ನನ್ನ ಕೈಕೆಳಗಿದ್ದ. ಮನುಷ್ಯ ಬಂಗಾರ. ಕುಡಿಯಲ್ಲ, ಕದಿಯಲ್ಲ, ಎದುರು ಮಾತಾಡಲ್ಲ. ಮನೇಲಿ ಸಾವಾದ್ರೂ ಮಣ್ಣು ಮಾಡಿ ಪಾಳಿಗೆ ಬರೋನು. ಇಂಥ ಆಳು ನಿಮಗೆ ಹುಡುಕಿದ್ರೂ ಸಿಗಲ್ಲ."

ತಿಮ್ಮಯ್ಯನ ಎದೆಯ ಮೇಲಿನ ಕಲ್ಲುಗಳು ಒಂದೊಂದಾಗಿ ಇಳಿದವು.

"ಮತ್ತ್ಯಾಕ ತಡ? ಮಗ್ಗಕ್ಕ ಹಾಕ್ಲಿ?"

ರೇವಣಸಿದ್ದಯ್ಯ ರುಮಾಲು ಸರಿಮಾಡಿಕೊಂಡರು. ಅವರ ಕಷ್ಟವನ್ನೂ ಹೇಳಬೇಕು. ಹೂಂ ಅಂದರೆ ಇಲ್ಲಿಯ ಲಾಳಿಗಳಿಗೆ ಇವನ ಬಾಯಿ ಬೀಳುತ್ತದೆ. ತಾವು ಕಾಲು ಮುಟ್ಟಿಸಿಕೊಂಡ ಮನೆಯ ಜನಕ್ಕೆಲ್ಲ ತಾವೇ ತಿಳಿದೂ ತಿಳಿದೂ ಎಂಜಲು ತಿನ್ನಿಸಿದ ಹಾಗೆ. ಊಹೂಂ, ಇವನು ಇಂಥವನು ಅಂದರೋ, ಅಷ್ಟು ವರ್ಷ ಇದೇ ಎಂಜಲನ್ನು ಹೀರಿದ ಬಾಯಿ ಯಾವುದು ಅಂತ ಮರುಗಳಿಗೆಯೇ ಗುರುಬಸಪ್ಪ ಕೇಳುತ್ತಾನೆ. ಆಮೇಲೆ ಆ ಕೈಯಿಂದ ಪ್ರಸಾದ ಯಾರು ತೆಗೆದುಕೊಳ್ಳುತ್ತಾರೆ?

ಅವರು ಮೂರನೆಯ ದಾರಿ ಹಿಡಿದರು.

"ಮಗ್ಗಕ್ಕೆ ಬೇಡ," ಅಂದರು. "ಅವನಿಗೆ ಮಗ್ಗ ಹತ್ತಲಿಲ್ಲ. ನಾನೂ ಕಲಿಸಿ ಕಲಿಸಿ ಸೋತೆ. ನೂಲು ಹರೀತಾನೆ, ಅಂಚು ಸೊಟ್ಟ. ಮೂಟೆ ಹೊರೋಕೆ ಹಾಕ್ಕೊಳ್ಳಿ, ಕತ್ತೆ ದುಡಿದಂಗೆ ದುಡೀತಾನೆ."

ಗುರುಬಸಪ್ಪ ಹುಬ್ಬು ಗಂಟಿಕ್ಕಿ ತಿಮ್ಮಯ್ಯನ ಕಡೆ ತಿರುಗಿದರು.

"ಏನಲೇ? ನಿನ್ನೆ ನಾ ನೇಕಾರ, ನಾ ನೇಕಾರ ಅಂತ ಎದಿ ಬಡಕೊಂಡೆಲ್ಲ?"

ಶೆಡ್ಡಿನಲ್ಲಿ ಪೆಟ್ಟಿಗೆ ಬಿಚ್ಚುತ್ತಿದ್ದವರೂ ಸುತ್ತಿಗೆ ಕೆಳಗಿಟ್ಟು ನೋಡಿದರು. ತಿಮ್ಮಯ್ಯನ ಬಾಯಲ್ಲಿ ಒಂದೇ ಒಂದು ಮಾತಿತ್ತು. ಅದನ್ನು ಆಡಿದ್ದರೆ ರೇವಣಸಿದ್ದಯ್ಯನವರ ರುಮಾಲು ಅಲ್ಲೇ ಮಣ್ಣುಪಾಲಾಗುತ್ತಿತ್ತು. ಅದರ ಜೊತೆಗೆ ತಿಮ್ಮಯ್ಯನ ಅನ್ನವೂ. ಇನ್ನು ಕಾಯಿದೆ ಎಲ್ಲಿ ಕೈಹಾಕೀತು? ಯಾರೂ ಜಾತಿಯ ಹೆಸರೆತ್ತಿರಲಿಲ್ಲ. ಹಳೆಯ ಮೇಸ್ತ್ರಿ ತನ್ನ ಆಳಿನ ಕೆಲಸ ಸಾಲದು ಅಂದಿದ್ದ, ಅಷ್ಟೇ.

"ಅಯ್ಯನೋರು ಹೇಳಿದ್ಮೇಲೆ ಸರಿ ಸಾಹುಕಾರ್ರೇ," ಅಂದ ತಿಮ್ಮಯ್ಯ.

"ಅಂದ್ರ ಸುಳ್ಳು ಹೇಳಿ ಒಳಗ ನುಗ್ಗಾಕ ಬಂದಿದ್ದಿ. ಅಯ್ಯನೋರ ಮುಖ ನೋಡಿ ಬಿಟ್ಟೀನಿ. ಹೋಗು, ನಾಳೆಯಿಂದ ಮೂಟೆಗೆ ಬಾ."

ಹೊರಗೆ ಬಂದ ಮೇಲೆ ಬಸ್ಸಿನ ದಾರಿಯವರೆಗೂ ಇಬ್ಬರೂ ನಡೆದರು. ಮೇಸ್ತ್ರಿ ಮುಂದೆ, ತಿಮ್ಮಯ್ಯ ಹಿಂದೆ. ಹೊಸದಾಗಿ ಅಗೆದ ಕೆಂಪು ಮಣ್ಣಿನ ರಸ್ತೆ, ಎರಡು ಕಡೆಯೂ ಗೂಟ ನೆಟ್ಟ ಖಾಲಿ ನಿವೇಶನಗಳು. ಕೊನೆಗೆ ತಿಮ್ಮಯ್ಯನೇ ಬಾಯಿಬಿಟ್ಟ.

"ನಾನು ಇಂಥವನು ಅಂತ ಹೇಳಿಬಿಟ್ಟಿದ್ರೂ ತಡ್ಕೊಂಡಿರ್ತಿದ್ದೆ ಅಯ್ಯ. ಅದು ನಿಜ. ನನಗೆ ಮಗ್ಗ ಬರಲ್ಲ ಅಂದ್ರಲ್ಲ, ಅದ್ಯಾಕೆ?"

"ನೀನು ಯಾಕೋ ಅಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೆ? ಈ ಬಾಯಲ್ಲಿ ನಾನು ಲಿಂಗದ ಮುಂದೆ ಮಂತ್ರ ಹೇಳೋನು ಕಣೋ." ರೇವಣಸಿದ್ದಯ್ಯ ಮತ್ತೆ ತುಟಿ ಒರೆಸಿಕೊಂಡರು. "ನಿನ್ನೆಯಿಂದ ಒಂದು ತುತ್ತು ಇಳಿದಿಲ್ಲ ನನಗೆ."

"ನಿಮ್ಮ ಎಂಜಲು ನಾನೂ ಅಷ್ಟೇ ಹೀರಿದೀನಿ ಅಯ್ಯ. ನನಗೇನೂ ಆಗ್ಲಿಲ್ಲ."

ಮೇಸ್ತ್ರಿ ನಿಂತರು. ಹೊಡೆಯುತ್ತಾರೇನೋ ಅನ್ನಿಸಿತು. ಹೊಡೆಯಲಿಲ್ಲ. ಹೊಡೆಯಲು ಮುಟ್ಟಬೇಕಲ್ಲ. "ಕೆಲಸ ಕೊಡಿಸಿದೀನಿ. ಅದನ್ನಾದ್ರೂ ನೆನಪಿಟ್ಕೋ," ಅಂದು, ಬಂದ ಬಸ್ಸಿಗೆ ಕೈಯೊಡ್ಡಿ ಹತ್ತಿಹೋದರು.

ತಿಮ್ಮಯ್ಯ ಆ ಕಾರ್ಖಾನೆಯಲ್ಲಿ ನೂಲಿನ ಮೂಟೆ ಹೊತ್ತ. ಪೆಟ್ಟಿಗೆಯ ಮಗ್ಗಗಳು ಜೋಡಣೆಯಾಗಿ ಓಡತೊಡಗಿದವು, ಹೊಸ ಹುಡುಗರು ಬಂದರು. ಅವರಲ್ಲಿ ಅರ್ಧ ಜನರಿಗೆ ಎಳೆ ಗಂಟು ಹಾಕಲು ಬರುತ್ತಿರಲಿಲ್ಲ. ಮೂಟೆ ಹೊತ್ತು ಹೋಗುವಾಗ ಬಟ್ಟೆ ಕೆಡುವುದು ಅವನಿಗೆ ಸದ್ದಿನಲ್ಲೇ ತಿಳಿಯುತ್ತಿತ್ತು. ಒಮ್ಮೆ ತಡೆಯಲಾರದೆ ಒಂದು ಮಗ್ಗದ ಹಲಗೆಗೆ ಕೈಚಾಚಿದ.

"ಏಯ್ ಮೂಟೆ ತಿಮ್ಮಯ್ಯ! ಕೈ ತೆಗಿ ಗುರೂ," ಅಂತ ಆ ಮಗ್ಗದ ಹುಡುಗ ಕೂಗಿದ. "ನಿಂಗೆ ಬರಲ್ಲ ಅಂತ ನಿಮ್ಮ ಮೇಸ್ತ್ರೀನೇ ಹೇಳವ್ರಂತೆ. ಅಂಚು ಸೊಟ್ಟ ಮಾಡ್ಬಿಟ್ಟೀಯ!" ಸುತ್ತಲಿದ್ದವರು ನಕ್ಕರು. ಅದರಲ್ಲಿ ಕೆಟ್ಟ ಬುದ್ಧಿಯೇನೂ ಇರಲಿಲ್ಲ. ಅವರು ಕೇಳಿದ್ದನ್ನು ನಂಬಿದ್ದರು, ಅಷ್ಟೇ. ತಿಮ್ಮಯ್ಯ ಮತ್ತೆ ಯಾವತ್ತೂ ಮಗ್ಗದ ಹತ್ತಿರ ನಿಲ್ಲಲಿಲ್ಲ.

ಮುನಿತಾಯಮ್ಮ ಬಹಳ ದಿನ ಅದನ್ನೇ ಹಿಡಿದು ಕೂತಳು. "ಎಲ್ಲರ ಮುಂದೆ ಒಂದು ಮಾತು ಎಸೆದು ಬರಬಾರದಿತ್ತಾ?"

"ಎಸೆದಿದ್ರೆ ಮೂಟೇನೂ ಸಿಗ್ತಿರಲಿಲ್ಲ."

"ಸಿಗದಿದ್ರೆ ಹೋಗ್ಲಿ, ನಾನು ಸೊಪ್ಪು ಮಾರ್ತಿರಲಿಲ್ವಾ? ಬರಲ್ಲ ಅಂತ ನೀನೇ ತಲೆ ಆಡಿಸಿ ಬಂದೆಯಲ್ಲ!"

ಐವತ್ತೊಂಬತ್ತರಲ್ಲಿ ಒಂದು ಬೆಳಿಗ್ಗೆ ಕೆಂಗೇರಿಯಿಂದ ಸುದ್ದಿ ಬಂತು, ರೇವಣಸಿದ್ದಯ್ಯ ಲಿಂಗೈಕ್ಯರಾದರು ಅಂತ. ಗುರುಬಸಪ್ಪನವರು ಮಗ್ಗ ನಿಲ್ಲಿಸಿ ಎಲ್ಲರಿಗೂ ಅರ್ಧ ದಿನ ರಜ ಕೊಟ್ಟರು. ಹೂವಿನ ಹಾರ ತರಿಸಿ ತಮ್ಮ ಕಾರಿಗೆ ಹಾಕಿಸಿದರು. ಗೇಟಿನ ಬಳಿ ನೂಲಿನ ಲಾರಿ ನಿಂತಿತ್ತು. ತಿಮ್ಮಯ್ಯ ಅದರ ಹಗ್ಗ ಬಿಚ್ಚುತ್ತಿದ್ದ.

"ತಿಮ್ಮಯ್ಯ, ಬಾರೋ, ಮುಂದ ಡ್ರೈವರ್ ಬಾಜೂ ಕೂಡು. ನಿನಗ ಅನ್ನ ಹಾಕಿಸಿದ ಪುಣ್ಯಾತ್ಮ. ಕಡೀ ಸಲ ಮುಖ ನೋಡಿ ಬರೂವಂತಿ," ಅಂದರು ಸಾಹುಕಾರರು.

ತಿಮ್ಮಯ್ಯ ತಿರುಗಿ ನೋಡಲಿಲ್ಲ. "ಲಾರಿ ನಿಂತದೆ ಸಾಹುಕಾರ್ರೇ. ಇಳಿಸ್ಬೇಕು."

"ನಾಳೆ ಇಳಿಸಿದ್ರಾತು ಬಾ."

"ಇಲ್ಲ, ಇವತ್ತೇ ಇಳಿಸ್ತೀನಿ."

ಗುರುಬಸಪ್ಪ ಒಂದು ಗಳಿಗೆ ಅವನ ಬೆನ್ನನ್ನೇ ನೋಡಿದರು. ಕಾರು ಹತ್ತುತ್ತ ಪಕ್ಕದವರಿಗೆ ಹೇಳಿದ ಮಾತು ಗೇಟಿನವರೆಗೂ ಕೇಳಿಸಿತು: "ನೋಡ್ರಿ, ಉಪಕಾರ ಮಾಡಿದವರ ನೆನಪು ಈ ಜನಕ್ಕ ಇರೂದೇ ಇಲ್ಲ." ಎಲ್ಲರೂ ಹೌದೆಂದು ತಲೆಯಾಡಿಸಿದರು. ಕಾರು ಹೋಯಿತು, ಹುಡುಗರೂ ಮನೆಗೆ ಹೋದರು. ತಿಮ್ಮಯ್ಯ ಮೂಟೆಗೆ ಬೆನ್ನು ಕೊಟ್ಟ.